ಮೊಣಕೈಯ ಹೆಲ್ಮೆಟ್ಟು

ಮಿರಗದ ಮಳೆ ಹೊಕ್ಕು ಐದು ದಿನವಾಗಿತ್ತು. ಊರಲ್ಲಿ ತಮ್ಮ ಬಿತ್ತನೆಗೆ ಕೂರಿಗೆ ಹೂಡಿದ್ದಾನೆಂದು ಚಂದ್ರಾಮನಿಗೆ ಬೆಳಿಗ್ಗೆಯೇ ಫೋನು ಬಂದಿತ್ತು. ಇಲ್ಲಿ ಹೈದರಾಬಾದಿನ ಸನತ್‌ನಗರದ ಶೆಡ್ಡಿನ ತಗಡಿನ ಮೇಲೆ ನಾಲ್ಕು ಹನಿ ಟಪಟಪ ಬಿದ್ದು ನಿಂತುಹೋಗಿದ್ದವು. ಒಳಗೆ ಚಂದ್ರಾಮ ಲೇತಿನ ಮುಂದೆ ನಿಂತು ಹಿತ್ತಾಳೆಯ ಬುಷ್ ಒಂದಕ್ಕೆ ಕೊನೆಯ ಸುತ್ತು ಕೊಡುತ್ತಿದ್ದ. ಹೊಳೆಯುವ ಸುರುಳಿಗಳು ಅವನ ಕಾಲ ಬಳಿ ಉದುರುತ್ತಿದ್ದವು. ದಪ್ಪ ಬಳೆಯಂಥ ಆ ಬುಷ್ ಒಂದು ಇಲ್ಲದ್ದಕ್ಕೆ ಬೆಳಗಾವಿಯ ಫೌಂಡ್ರಿಯೊಂದರಲ್ಲಿ ನಿನ್ನೆಯಿಂದ ಮಷೀನು ನಿಂತಿತ್ತು.

ಸಾಹುಕಾರ ಆನಂದಕುಮಾರ ಬಂದು ಪಕ್ಕದಲ್ಲಿ ನಿಂತರು.

"ಚಂದ್ರಾಮ, ಇದು ಇವತ್ತ ನಾಕರೊಳಗ ಬೆಳಗಾವಿ ಮುಟ್ಟಬೇಕು. ನೀನ ಒಯ್ದು, ನೀನ ಕೂಡಿಸಿ ಬರಬೇಕು."

"ಬಸ್ಸಿಗೆ ಹೋದ್ರ ರಾತ್ರಿ ಆಗ್ತೈತ್ರಿ ಸಾಹುಕಾರ್ರ."

"ಬಸ್ಸಲ್ಲೋ. ವಿಮಾನ. ಮಧ್ಯಾನ ಒಂದ ಹತ್ತಕ್ಕ ಐತಿ. ಟಿಕೀಟ್ ತಗಿಸೀನಿ."

ಚಂದ್ರಾಮನ ಕೈ ತಾನಾಗಿ ಸ್ವಿಚ್ಚಿನ ಮೇಲೆ ಹೋಯಿತು. ಲೇತು ನಿಂತಿತು.

"ದಿನೇಶನ್ನ ಕಳಸ್ರಲಾ..."

"ದಿನೇಶ ಕಂಪ್ಯೂಟರ್ ಮುಂದ ಕೂಡಾಂವ. ಬುಷ್ ಯಾವುದು, ಬಳಿ ಯಾವುದು ಅವಗೇನ್ ತಿಳೀತೈತಿ? ನೋಡು, ಇದು ಟೈಮಿಗೆ ಮುಟ್ಟಿದ್ರ ಬರೋ ತಿಂಗಳಿಂದ ನೀನ ಫೋರ್‌ಮನ್. ಇಲ್ಲಂದ್ರ ಬಾಲಾನಗರದಾಂವ ಒಬ್ಬ ಕೇಳಾಕತ್ಯಾನ."

ಹನ್ನೊಂದು ವರ್ಷದಿಂದ ಚಂದ್ರಾಮ ಆ ಫೋರ್‌ಮನ್ ಕುರ್ಚಿಯ ಪಕ್ಕದಲ್ಲೇ ನಿಂತು ಕೆಲಸ ಮಾಡಿದ್ದ. ಹಳೆಯ ಫೋರ್‌ಮನ್ನು ಊರಿಗೆ ಹೋದ ಮೇಲೆ ಒಂದು ದಿನ ಮಧ್ಯಾಹ್ನ ಯಾರೂ ಇಲ್ಲದಾಗ ಅದರ ಮೇಲೆ ಕೂತೂ ನೋಡಿದ್ದ. ಚೆನ್ನಾಗಿತ್ತು.

"ಹೋಗ್ತೀನ್ರಿ," ಎಂದ. ಆ ಮಾತು ಬೇರೆ ಯಾರೋ ಆಡಿದಂತೆ ಕೇಳಿಸಿತು.

ಸುದ್ದಿ ಶೆಡ್ಡಿನಲ್ಲಿ ಎಣ್ಣೆಯಂತೆ ಹರಿಯಿತು. ಮೊದಲು ಬಂದವನು ದಿನೇಶ. "ಅಣ್ಣಾ, ಹೆದರಬ್ಯಾಡ. ಲೆಕ್ಕ ತಗದು ನೋಡಿದ್ರ ವಿಮಾನಕ್ಕಿಂತ ರಸ್ತೇನ ಭಾಳ ಡೇಂಜರ್. ನೀ ದಿನಾ ಗಾಡಿ ಮ್ಯಾಲ ಬರ್ತಿಯಲ್ಲ, ಅದಕ್ಕ ಹೆದರಬೇಕು."

"ಗಾಡಿ ಮ್ಯಾಲ ನಾ ಒಮ್ಮಿನೂ ಬಿದ್ದಿಲ್ಲ."

"ಹೋದ ದಸರಾಕ್ಕ ಹಲ್ಲು ಮುರೀತಲ್ಲ?"

"ಅದು ಬಿದ್ದದ್ದಲ್ಲಪಾ. ಜಾರಿದ್ದು."

"ಹೆಸರು ನೋಡಿದ್ರ ಚಂದ್ರಾಮ," ಎಂದು ಮುಂದಿನ ಲೇತಿನ ಅಮೃತಪ್ಪ ನಕ್ಕ. "ಆಕಾಶದಾಗ ಇರಬೇಕಾದಾಂವ ಆಕಾಶ ಅಂದ್ರ ನಡಗ್ತಾನ!" ಅಮೃತಪ್ಪ ಒಂದೇ ವಠಾರದವನು, ಚಂದ್ರಾಮನ ಗೋಡೆಗೆ ಅಂಟಿದ ಗೋಡೆ ಅವನದು.

ಚಂದ್ರಾಮನ ಹೆದರಿಕೆಗೆ ಅವನದೇ ಆದ ಕಾರಣವಿತ್ತು. ಗಾಡಿ ಜಾರಿದರೆ ಕಾಲು ಕೊಡಬಹುದು, ಕಾಲು ಕೊಡಲು ಕೆಳಗೆ ನೆಲವಿರುತ್ತದೆ. ಹ್ಯಾಂಡಲ್ಲು ತನ್ನ ಕೈಯಲ್ಲಿರುತ್ತದೆ. ವಿಮಾನದಲ್ಲಿ ಹ್ಯಾಂಡಲ್ಲು ಮುಖ ಕಾಣದ ಯಾರದೋ ಕೈಯಲ್ಲಿ, ನೆಲವಂತೂ ಎಲ್ಲೋ. ಅದಕ್ಕಿಂತ ಮುಖ್ಯವಾಗಿ, ಇಪ್ಪತ್ತು ವರ್ಷ ನಟ್ಟು ಬೋಲ್ಟಿನ ನಡುವೆ ಬದುಕಿದ ಅವನಿಗೆ ಒಂದು ಸತ್ಯ ಗೊತ್ತಿತ್ತು: ಅಲುಗಾಡುವ ಮಷೀನಿನ ನಟ್ಟು ಒಂದಲ್ಲ ಒಂದು ದಿನ ಸಡಿಲಾಗಿಯೇ ಆಗುತ್ತದೆ. ಅಷ್ಟು ದೊಡ್ಡ ವಿಮಾನದ ನಟ್ಟುಗಳನ್ನು ಬಿಗಿಯುವವರು ಯಾರು? ನಮ್ಮಂಥವರೇ ಅಲ್ಲವೆ? ಅದೇ ಅವನ ಭಯವಾಗಿತ್ತು.

ಮನೆಯಲ್ಲಿ ಹೆಂಡತಿ ಗುರುದೇವಿ ಸುದ್ದಿ ಕೇಳಿ ನೆಲದ ಮೇಲೆ ಕೂತುಬಿಟ್ಟಳು. ಅಮೃತಪ್ಪನ ಹೆಂಡತಿ ಶರಣಬಸಮ್ಮ ಗೋಡೆಯಾಚೆಯಿಂದಲೇ ಕೇಳಿಸಿಕೊಂಡು ಒಳಗೆ ಬಂದಳು.

"ಹೊಸ ಗಾಡಿಗೆ ಲಿಂಬಿಹಣ್ಣು ಇಡಾಂಗಿಲ್ಲೇನು? ನಾಕು ಕೊಡವ್ವ ಗುರುದೇವಿ. ಹತ್ತೂಕ್ಕಿಂತ ಮೊದಲ ಗಾಲಿ ಬುಡಕ ಇಡಲಿ."

"ಮ್ಯಾಲ ಏರೋ ಹೊತ್ತಿಗೆ ಸರಿಯಾಗಿ ಅಮೀರ್‌ಪೇಟಿ ಹನುಮಪ್ಪಗ ಕಾಯಿ ಒಡಸ್ತೀನ್ರಿ," ಎಂದಳು ಗುರುದೇವಿ ಕಣ್ಣೊರೆಸಿಕೊಂಡು. "ಒಂದು ಹತ್ತಲ್ಲ? ತಪ್ಪಾಂಗಿಲ್ಲ."

ಅಂಗಿ ಬದಲಿಸಿ, ಬುಷ್ಷನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟು, ನಾಲ್ಕು ಲಿಂಬೆಹಣ್ಣನ್ನು ಕಿಸೆಗಿಳಿಸಿ ಚಂದ್ರಾಮ ಹೊರಬಂದ. ಬಾಗಿಲ ಮೊಳೆಗೆ ಅವನ ಕೆಂಪು ಹೆಲ್ಮೆಟ್ಟು ತೂಗುತ್ತಿತ್ತು. ಕೊಂಡು ಆರು ವರ್ಷವಾಗಿದ್ದರೂ ಅದರ ಒಳಗಿನ ಬಟ್ಟೆ ಹೊಸದರಂತಿತ್ತು. ಅದು ಯಾವಾಗಲೂ ಅವನ ಎಡ ಮೊಣಕೈಯಲ್ಲೇ ಇರುತ್ತಿತ್ತು. ದೂರದಲ್ಲಿ ಪೊಲೀಸರ ಬಿಳಿ ಅಂಗಿ ಕಂಡರೆ ಮಾತ್ರ ತಲೆಗೇರುತ್ತಿತ್ತು. ಆರು ವರ್ಷದಲ್ಲಿ ಅವನ ಎಡ ಮೊಣಕೈಗೆ ಒಂದು ಗೀರೂ ಆಗಿರಲಿಲ್ಲ.

ಚಂದ್ರಾಮ ಅದನ್ನು ತೆಗೆದು ಚೀಲದ ಹಿಡಿಕೆಗೆ ಸಿಕ್ಕಿಸಿದ.

"ವಿಮಾನದಾಗ ಹೆಲ್ಮೆಟ್ಟೇನೋ?" ಎಂದ ಅವನನ್ನು ಬಿಟ್ಟುಬರಲು ಬಂದಿದ್ದ ಅಮೃತಪ್ಪ.

"ಇರಲಿ ಬಿಡೋ. ಕೈಗೆ ಒಂದು ಧೈರ್ಯ."

ಅಮೃತಪ್ಪ ಚಂದ್ರಾಮನದೇ ಗಾಡಿಯಲ್ಲಿ ಅವನನ್ನು ಬೇಗಂಪೇಟೆಗೆ ತಂದು ಏರ್‌ಪೋರ್ಟಿನ ಬಸ್ಸು ಹತ್ತಿಸಿದ. "ಗಾಡಿ ಜ್ವಾಕಿ," ಎಂದು ಚಂದ್ರಾಮ ಕಿಟಕಿಯಿಂದ ಕೂಗಿದ. "ನೀ ಜ್ವಾಕಿ," ಎಂದು ಅಮೃತಪ್ಪ ಕೆಳಗಿನಿಂದ ಕೂಗಿದ.

ಬಸ್ಸಿನಲ್ಲಿ ಅವನಿಗೆ ಒಳ್ಳೆಯ ನಿದ್ದೆ ಬಂತು. ಡ್ರೈವರು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದರಲ್ಲಿ ಲಾರಿಗಳ ನಡುವೆ ನುಗ್ಗಿಸುತ್ತಿದ್ದ.

ಏರ್‌ಪೋರ್ಟಿನಲ್ಲಿ ಬುಷ್ಷನ್ನು ತಪಾಸಣೆಯವನು ಮೇಲೆ ಕೆಳಗೆ ತಿರುಗಿಸಿ, ಅದರ ತೂತಿನೊಳಗಿಂದ ಚಂದ್ರಾಮನನ್ನೇ ನೋಡಿದ. "ಯೇ ಕ್ಯಾ ಹೈ?" "ಬುಷ್ ಸಾಬ್. ಮಶೀನ್ ಕಾ." ದಿನೇಶ ಬರೆದುಕೊಟ್ಟಿದ್ದ ಕಾಗದ ನೋಡಿ ಬಿಟ್ಟ. ಆಮೇಲೆ ಹೆಲ್ಮೆಟ್ಟು. "ಔರ್ ಯೇ?" "ಹೆಲ್ಮೆಟ್ ಸಾಬ್." "ವೋ ತೋ ದಿಖ್ ರಹಾ ಹೈ. ಗಾಡಿ ಕಹಾಂ ಹೈ?" ಗಾಡಿ ಎಲ್ಲಿ ಎಂಬ ಪ್ರಶ್ನೆಗೆ ಸಾಲಿನಲ್ಲಿದ್ದವರು ನಕ್ಕರು. ಚಂದ್ರಾಮನೂ ಏನೆಂದು ತಿಳಿಯದೆ ನಕ್ಕ.

ವಿಮಾನದ ಮೆಟ್ಟಿಲು ಹತ್ತುವಾಗ ಅವನು ಅದರ ಮೈಗೆ ಗೆಣ್ಣಿನಿಂದ ಎರಡು ಸಲ ಟಕ್ ಟಕ್ ಬಡಿದು ಕಿವಿಗೊಟ್ಟ. ಲೋಹ ತೆಳುವಾಗಿತ್ತು. ಕೆಳಗೆ ಬಗ್ಗಿ ಗಾಲಿ ನೋಡುವಷ್ಟರಲ್ಲಿ ಹಿಂದಿನವರು ಅವನನ್ನು ಒಳಕ್ಕೆ ತಳ್ಳಿದರು.

ಪಕ್ಕದ ಸೀಟಿನಲ್ಲಿ ಇಪ್ಪತ್ತೈದರ ಆಸುಪಾಸಿನ ಹುಡುಗಿ. ಅವನ ತೊಡೆಯ ಮೇಲಿನ ಹೆಲ್ಮೆಟ್ಟನ್ನೂ ಕಿಸೆಯ ಉಬ್ಬನ್ನೂ ನೋಡಿದಳು.

"ಯಾವೂರ್ರಿ ಕಾಕಾ?"

ಕನ್ನಡ ಕೇಳಿ ಚಂದ್ರಾಮನಿಗೆ ಅರ್ಧ ಜೀವ ಬಂತು. "ಸೇಡಂ ಕಡೇದಾಂವವ್ವ. ಇದಕ್ಕ ಗಾಲಿ ಎಷ್ಟು?"

"ಆರು."

"ಆರಾ? ನಾಕ ತಂದೀನಲ್ಲ!" ಎಂದು ಅವನು ಲಿಂಬೆಹಣ್ಣು ತೆಗೆದು ತೋರಿಸಿದ.

ಹುಡುಗಿ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದಳು. ಹೆಸರು ಸುಹಾಸಿನಿ, ಬೆಳಗಾವಿಯವಳು, ಅಕ್ಕನ ಮದುವೆಯ ನಿಶ್ಚಯಕ್ಕೆ ಹೊರಟಿದ್ದಳು. ಕೆಲಸ ವಿಮಾನ ರಿಪೇರಿ ಮಾಡುವ ಶೆಡ್ಡಿನಲ್ಲಿ.

"ಶೆಡ್ಡಿನಾಗ!" ಎಂದ ಚಂದ್ರಾಮ. "ನಾನೂ ಶೆಡ್ಡಿನಾಂವನ. ಹಂಗಾದ್ರ ನೀ ಖರೇ ಹೇಳು. ಇದರ ನಟ್ಟು ಸಡಲಾಗೂದಿಲ್ಲೇನು?"

ಅಷ್ಟರಲ್ಲಿ ಗಗನಸಖಿ ನಡುದಾರಿಯಲ್ಲಿ ನಿಂತು ಬೆಲ್ಟು ಹೇಗೆ ಕಟ್ಟಬೇಕು, ಬಾಗಿಲು ಎಲ್ಲಿವೆ, ಉಸಿರಿನ ಮುಖವಾಡ ಹೇಗೆ ಹಾಕಬೇಕು ಎಂದು ತೋರಿಸತೊಡಗಿದಳು. ಉಳಿದವರೆಲ್ಲ ಫೋನು ನೋಡುತ್ತಿದ್ದರು. ಚಂದ್ರಾಮನೊಬ್ಬ ಪರೀಕ್ಷೆಗೆ ಕೂತವನಂತೆ ನೋಡಿದ. ಇಷ್ಟು ವರ್ಷ ಬಸ್ಸಿನಲ್ಲಿ ಓಡಾಡಿದ್ದರೂ ಗಾಡಿ ಪಲ್ಟಿಯಾದರೆ ಹೀಗೆ ಹೊರಬನ್ನಿ ಎಂದು ಯಾವ ಕಂಡಕ್ಟರೂ ಹೇಳಿದ್ದು ಅವನಿಗೆ ನೆನಪಿಲ್ಲ. ಇವರು ಮೊದಲೇ ಹೇಳುತ್ತಾರೆಂದರೆ ಏನರ್ಥ? ಅವನು ಬೆಲ್ಟು ಬಿಗಿದು, ಹೆಲ್ಮೆಟ್ಟು ತಲೆಗೇರಿಸಿದ.

ಗಗನಸಖಿ ಓಡಿಬಂದಳು. ಏರುವಾಗ ಕಿವಿ ಮುಚ್ಚಿರಬಾರದು, ನಾವು ಹೇಳಿದ್ದು ಕೇಳಬೇಕು ಎಂದು ತೆಗೆಸಿ, ಮುಂದಿನ ಸೀಟಿನ ಕೆಳಗೆ ಇಡಿಸಿದಳು.

ವಿಮಾನ ಓಡಿತು. ಚಂದ್ರಾಮನ ಎರಡೂ ಕಾಲು ಬ್ರೇಕು ಹುಡುಕುತ್ತ ಮುಂದಿನ ಸೀಟನ್ನು ಒತ್ತುತ್ತಿದ್ದವು. ಆಮೇಲೆ ನೆಲ ಬಿಟ್ಟುಹೋಯಿತು. ಅವನು ಕಣ್ಣು ಮುಚ್ಚಿ, ಗುರುದೇವಿ ಈಗ ಕಾಯಿ ಒಡೆಸುತ್ತಿರಬೇಕೆಂದುಕೊಂಡು ಸ್ವಲ್ಪ ಸಮಾಧಾನ ತಂದುಕೊಂಡ. ಗಂಟೆ ಒಂದೂವರೆಗೆ ಬೆಲ್ಟಿನ ದೀಪ ಆರಿತು. ದೀಪ ಆರಿದ್ದೇ ತಡ, ಬಗ್ಗಿ ಹೆಲ್ಮೆಟ್ಟು ತೆಗೆದು ಹಾಕಿಕೊಂಡು ಗಲ್ಲದ ಪಟ್ಟಿಯನ್ನೂ ಬಿಗಿದ. ಆರು ವರ್ಷದಲ್ಲಿ ಆ ಪಟ್ಟಿ ಬಿಗಿದದ್ದು ಅದೇ ಮೊದಲು.

"ನಟ್ಟು ಕೇಳಿದ್ರಲ್ಲ ಕಾಕಾ," ಎಂದಳು ಸುಹಾಸಿನಿ. "ಸಡಲಾಗಬಾರದ ನಟ್ಟಿಗೆ ನಾವು ಸಣ್ಣ ತಂತಿ ಪೋಣಿಸಿ ಹುರಿ ಮಾಡಿ ಕಟ್ತೀವಿ. ನಟ್ಟು ತಿರಗಾಕ ಹೋದ್ರ ತಂತಿ ಹಿಡೀತೈತಿ."

ಚಂದ್ರಾಮ ಹೆಲ್ಮೆಟ್ಟಿನ ಗಾಜು ಮೇಲೆತ್ತಿದ. "ತಂತಿ! ಒಬ್ಬ ಕಟ್ಟಿದ್ದು ಬರೋಬರಿ ಐತೋ ಇಲ್ಲೋ?"

"ಇನ್ನೊಬ್ಬರು ನೋಡಿ ಸಹಿ ಮಾಡ್ತಾರ. ಕೆಲಸ ಮುಗದ ಮ್ಯಾಲ ಪಾನಾ, ಸ್ಕ್ರೂಡ್ರೈವರ್ ಎಲ್ಲಾ ಎಣಸ್ತೀವಿ. ಒಂದು ಕಡಿಮಿ ಬಂದ್ರ ವಿಮಾನ ಹೊರಗ ಬಿಡಾಂಗಿಲ್ಲ."

"ನಮ್ಮಲ್ಲಿ ಪಾನಾ ಕಡಿಮಿ ಬಂದ್ರ ಅಮೃತಪ್ಪನ ಮನ್ಯಾಗ ಸಿಗತೈತಿ," ಎಂದ ಚಂದ್ರಾಮ ಗಂಭೀರವಾಗಿ.

ಅವನು ಕೇಳುತ್ತ ಹೋದ, ಅವಳು ಹೇಳುತ್ತ ಹೋದಳು. ಒಂದು ಇಂಜಿನ್ನು ನಿಂತರೆ? ಇನ್ನೊಂದರ ಮೇಲೆ ಇಳಿಸುತ್ತಾರೆ. ಓಡಿಸುವವನಿಗೆ ಎದೆನೋವು ಬಂದರೆ? ಪಕ್ಕದಲ್ಲಿ ಇನ್ನೊಬ್ಬನಿದ್ದಾನೆ. ಎಲ್ಲಿಯಾದರೂ ಒಂದು ಬಿದ್ದರೆ? ಯಾಕೆ ಬಿತ್ತೆಂದು ತಿಂಗಳುಗಟ್ಟಲೆ ಹುಡುಕಿ, ಅಂಥದ್ದೇ ವಿಮಾನಗಳಲ್ಲೆಲ್ಲ ಆ ತಪ್ಪು ತಿದ್ದುತ್ತಾರೆ.

ಚಂದ್ರಾಮ ಯೋಚನೆಗೆ ಬಿದ್ದ. ತನ್ನ ಹಲ್ಲು ಮುರಿದಾಗ ಯಾಕೆ ಬಿದ್ದೆ ಎಂದು ಯಾರೂ ಹುಡುಕಿರಲಿಲ್ಲ. ಟೈಮು ಕೆಟ್ಟಿತ್ತು ಎಂದಿದ್ದರು ಅಷ್ಟೆ. ಮರುದಿನ ಅದೇ ಸವೆದ ಟಾಯರಿನ ಮೇಲೆ ಅವನು ಕೆಲಸಕ್ಕೆ ಹೋಗಿದ್ದ.

"ಕಾಕಾ, ಸಿಟ್ಟಾಗಬ್ಯಾಡ್ರಿ," ಎಂದಳು ಸುಹಾಸಿನಿ. "ಈ ಹೆಲ್ಮೆಟ್ಟು ಇಲ್ಲಿ ಏನೂ ಉಪಯೋಗಿಲ್ಲ. ರಸ್ತಾದಾಗ ಹಾಕ್ತೀರೋ ಇಲ್ಲೋ?"

ಚಂದ್ರಾಮ ಹೆಲ್ಮೆಟ್ಟಿನೊಳಗೇ ಕೆಂಪಾದ. ಕಿಟಕಿಯಾಚೆಯ ಮೋಡದ ಬೆಳ್ಳಗಿನ ಹೊಲವನ್ನು ನೋಡುತ್ತ ಹೇಳಿದ: "ಇನ್ನ ಮ್ಯಾಲ ತಗಿಯೂದಿಲ್ಲವ್ವ. ನಮ್ಮಪ್ಪನ ಆಣಿ. ಗೇಟಿನ ಮುಂದಿನ ಚಾದಂಗಡಿಗೂ ಹಾಕ್ಕೊಂಡ ಹೋಗ್ತೀನಿ."

ಇಳಿಯುವ ಮೊದಲು ಗಗನಸಖಿ ಮತ್ತೆ ಬಂದಳು. ಚಂದ್ರಾಮ ತಾನೇ ನಗುತ್ತ ಹೆಲ್ಮೆಟ್ಟು ತೆಗೆದುಕೊಟ್ಟ. ಅವಳು ಅದನ್ನು ನಾಲ್ಕು ಸಾಲು ಹಿಂದೆ ಖಾಲಿಯಿದ್ದ ಮೇಲಿನ ಖಾನೆಯಲ್ಲಿಟ್ಟು ಬಾಗಿಲು ಹಾಕಿದಳು.

ಗಾಲಿ ನೆಲ ಮುಟ್ಟಿದಾಗ ಚಂದ್ರಾಮ ಚಪ್ಪಾಳೆ ತಟ್ಟಿದ. ಮೊದಲು ಹೆಂಡತಿಗೆ ಹೇಳಬೇಕೆಂದು ಫೋನು ಚಾಲೂ ಮಾಡಿದ. ಅವನು ನಂಬರು ಒತ್ತುವ ಮೊದಲೇ ಫೋನು ಟಿಂಗ್ ಎಂದಿತು. ಹೈದರಾಬಾದಿನ ಟ್ರಾಫಿಕ್ ಪೊಲೀಸರ ಮೆಸೇಜು. ಅವನ ಗಾಡಿಯ ನಂಬರು. ಅಮೀರ್‌ಪೇಟೆ, ಗಂಟೆ ಒಂದು ಮೂವತ್ತೆರಡು. ಹೆಲ್ಮೆಟ್ ಇಲ್ಲ. ಮೂವರ ಸವಾರಿ. ದಂಡ ಬಾಕಿ.

ಕೆಳಗೆ ಒತ್ತಿದರೆ ಫೋಟೋ ತೆರೆಯಿತು. ಮುಂದೆ ಅಮೃತಪ್ಪ, ಕೂದಲು ಗಾಳಿಗೆ ನಿಂತಿತ್ತು. ನಡುವೆ ಶರಣಬಸಮ್ಮ. ಕೊನೆಯಲ್ಲಿ ಗುರುದೇವಿ, ಎರಡೂ ಕೈಯಲ್ಲಿ ತೆಂಗಿನಕಾಯಿ ಹಿಡಿದು, ಆಕಾಶದ ಕಡೆ ಮುಖವೆತ್ತಿ ತುಟಿ ಅಲ್ಲಾಡಿಸುತ್ತಿದ್ದಳು.

ಜನರ ನಡುವೆ ಮೆಟ್ಟಿಲಿಳಿಯುತ್ತಲೇ ಅವನು ಅಮೃತಪ್ಪನಿಗೆ ಫೋನು ಮಾಡಿ ಒದರಿದ.

"ಹೆಲ್ಮೆಟ್ ಯಾಕ ಹಾಕ್ಕೊಂಡಿಲ್ಲೋ?"

"ಎಲ್ಲಿಂದ ಹಾಕ್ಕೊಳ್ಳಲೋ? ನಿನ್ನ ತಲಿ ಮ್ಯಾಲಿತ್ತಲ್ಲ!" ಎಂದ ಅಮೃತಪ್ಪ. "ತಡಾ ಆದ್ರೂ ಕಾಯಿ ಚಂದ ಒಡೀತು ನೋಡು. ಎರಡ ಹೋಳು, ಬರೋಬರಿ."

ಸುಹಾಸಿನಿ ಕೈ ಬೀಸಿ ಹೊರಟುಹೋದಳು. ಹೊರಗೆ ಫೌಂಡ್ರಿಯಿಂದ ಬಂದ ತರುಣ ಎಂಬ ಹೆಸರಿನ ಹುಡುಗ ಮೋಟಾರ್‌ಸೈಕಲ್ಲಿನ ಮೇಲೆ ಕಾಯುತ್ತಿದ್ದ. "ಲಗೂ ಕೂಡ್ರಿ ಸರ. ನಾಕರೊಳಗ ಮುಟ್ಟಸ್ಬೇಕು. ಬರೇ ಹಾರಸ್ಕೋಂತ ಒಯ್ತೀನಿ."

ಚಂದ್ರಾಮ ಚೀಲ ಮುಟ್ಟಿ ನೋಡಿದ. ಬುಷ್ ಇತ್ತು. ಕಿಸೆಯಲ್ಲಿ ನಾಲ್ಕು ಲಿಂಬೆಹಣ್ಣೂ ಇದ್ದವು. ಆಣೆಯನ್ನು ಈಗಿಂದಲೇ ನಡೆಸಬೇಕೆಂದು ಚೀಲದ ಹಿಡಿಕೆಗೆ ಕೈ ಹಾಕಿದ. ಹಿಡಿಕೆ ಖಾಲಿಯಿತ್ತು. ಒಮ್ಮೆಲೇ ಆ ಖಾನೆ, ಅದರ ಬಾಗಿಲು ಹಾಕಿದ ಸದ್ದು ನೆನಪಾಯಿತು. ಕಾವಲುಗಾರನ ಬಳಿ ಓಡಿದ. ಅದೇ ವಿಮಾನ ತಿರುಗಿ ಹೈದರಾಬಾದಿಗೆ ಹೊರಟಾಯಿತೆಂದೂ, ಕಳೆದ ಸಾಮಾನು ಅಲ್ಲೇ ಕೇಳಬೇಕೆಂದೂ ಹತ್ತು ನಿಮಿಷದ ಮೇಲೆ ತಿಳಿಯಿತು.

"ನಿನ್ನ ಹೆಲ್ಮೆಟ್ಟು ಎಲ್ಲೈತಪಾ?" ಎಂದು ತಿರುಗಿ ಬಂದು ತರುಣನನ್ನು ಕೇಳಿದ.

ತರುಣ ಎಡ ಮೊಣಕೈ ಎತ್ತಿ ತೋರಿಸಿದ. "ಐತಲ್ರಿ."

"ತಲಿಗೆ ಹಾಕು."

"ಇಲ್ಲೇ ಹತ್ತು ಕಿಲೋಮೀಟರ್ ಸರ. ನಡುವ ಪೊಲೀಸ್ರು ಇರಾಂಗಿಲ್ಲ."

ಮೂರೂ ಕಾಲಾಗಿತ್ತು. ಚಂದ್ರಾಮ ಫೋರ್‌ಮನ್ ಕುರ್ಚಿಯನ್ನು ನೆನೆದು ಹಿಂದೆ ಹತ್ತಿದ. "ಟಾಯರ್ ಸವದಾವೇನು? ನಟ್ಟು ಯಾವಾಗ ಬಿಗಿಸಿದ್ದಿ? ಯಾರು ನೋಡ್ಯಾರ?" ಎಂದು ಕೇಳಿದ. ತರುಣನಿಗೆ ಒಂದೂ ಕೇಳಿಸಲಿಲ್ಲ. ಗಾಡಿ ಆಗಲೇ ಎರಡು ಲಾರಿಗಳ ನಡುವೆ ನುಗ್ಗಿತ್ತು.

ನೆತ್ತಿಯ ಮೇಲೆ ಗುಡುಗುತ್ತ ಅದೇ ವಿಮಾನ ಹಾದುಹೋಯಿತು. ಚಂದ್ರಾಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಅವನ ಎರಡೂ ಕೈ ಸೊಂಟದ ಅತ್ತ ಇತ್ತ ತಡಕಾಡುತ್ತ ಸೀಟಿನ ಬೆಲ್ಟು ಹುಡುಕುತ್ತಿದ್ದವು.