ಚೀಟಿಯಿಲ್ಲದ ನಳಿಕೆ

ಕೊಡೆಗೂ ಲೋಟಕ್ಕೂ ಕೂರುವ ಸ್ಟೂಲಿಗೂ ಚೀಟಿ ಅಂಟಿಸುತ್ತಿದ್ದ ಆ ಯುವ ಸಂಶೋಧಕನನ್ನು ಎಲ್ಲರೂ ‘ಲೇಬಲ್ಲು’ ಎಂದೇ ಕರೆಯುತ್ತಿದ್ದರು. ಅಂಥವನು ಒಂದೇ ಒಂದು ದಿನ ಮಾತ್ರ ಚೀಟಿ ಅಂಟಿಸಲಿಲ್ಲ.

ಅದು ಎರಡು ಕೋಣೆಗಳ ಪ್ರಯೋಗಾಲಯ. ಈಗ ಆ ಕಟ್ಟಡವಿಲ್ಲ. ನೆಗಡಿಯಾದ ಮುದುಕನಂತೆ ಗೊರಗುಟ್ಟುತ್ತ, ನಳಿಕೆಗಳನ್ನು ಗಿರಗಿರ ತಿರುಗಿಸಿ ಕಣಗಳನ್ನು ತಳಕ್ಕಿಳಿಸುತ್ತಿದ್ದ ಸೆಂಟ್ರಿಫ್ಯೂಜ್ ಯಂತ್ರವೂ ಇಲ್ಲ. ಅಲ್ಲಿ ದುಡಿದವರು ಇಂದಿಗೂ ಎಲ್ಲಿ ಕೂಡಿದರೂ ಮೊದಲು ನೆನೆಯುವುದು ಆ ದಿನವನ್ನೇ.

ವೀರ್ಯದ್ರವದಲ್ಲಿ ತೇಲುವ ಅತಿಸೂಕ್ಷ್ಮ ಕಿರುಚೀಲಗಳನ್ನು ಅಲ್ಲಿ ಎಣಿಸುತ್ತಿದ್ದರು. ದೂರದ ಪಯಣಕ್ಕೆ ಹೊರಟ ವೀರ್ಯಾಣುವಿಗೆ ಬುತ್ತಿ ಕಟ್ಟಿಕೊಡುವುದು ಈ ಚೀಲಗಳೇ ಎನ್ನುವಾಗ ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರ ದನಿ ಆರ್ದ್ರವಾಗುತ್ತಿತ್ತು.

ಆ ಬೆಳಿಗ್ಗೆ ಮಾದರಿ ಕೊಡಬೇಕಿದ್ದ ಆರೋಗ್ಯವಂತ ದಾನಿಯೊಬ್ಬ ಬಾರದೆ ಕೈಕೊಟ್ಟ. ಹೊಸದಾಗಿ ಮದುವೆಯಾಗಿ ಮಗುವಿನ ಕನಸು ಕಾಣುತ್ತಿದ್ದ ಲೇಬಲ್ಲು ಅದರ ಬದಲು ಗುಟ್ಟಾಗಿ ತನ್ನದೇ ಮಾದರಿಯನ್ನು ಯಂತ್ರದಲ್ಲಿಟ್ಟ. ನಾಚಿಕೆಯಿಂದ ನಳಿಕೆಗೆ ಚೀಟಿ ಅಂಟಿಸಲಿಲ್ಲ. ಯಂತ್ರ ಓಲಾಡದಂತೆ ಎದುರಿಗೆ ಎಂದಿನಂತೆ ಅಷ್ಟೇ ತೂಕದ ಉಪ್ಪುನೀರಿನ ನಳಿಕೆಯನ್ನು ಕೂರಿಸಿದ.

ಅವನು ಊಟಕ್ಕೆ ಹೋದಾಗ, ಉಪಕಾರಬುದ್ಧಿಯ ಹಿರಿಯ ಸಂಶೋಧಕ ಒಂದು ನಳಿಕೆಯನ್ನು ಮೇಷ್ಟ್ರಿಗೆ ಕೊಟ್ಟು, ಇನ್ನೊಂದನ್ನು ಉಪ್ಪುನೀರಿನದೆಂದು ತೊಳೆಯಲು ಹಾಕಿದ.

“ಒಂದು ಚೀಲವೂ ಇಲ್ಲವಲ್ರಯ್ಯ, ಪಾಪ,” ಎಂದರು ಮೇಷ್ಟ್ರು.

ಮಾದರಿ ದಾನಿಯದೆಂದೇ ನಂಬಿದ್ದ ಹಿರಿಯ ಸಂಶೋಧಕ ಆ ಅಪರಿಚಿತನ ಹೆಂಡತಿಗಾಗಿ ನಿಟ್ಟುಸಿರಿಟ್ಟ. ಗುಮಾಸ್ತ, ಮಕ್ಕಳಾಗದ ತನ್ನ ಭಾವಮೈದುನನನ್ನು ಗುಣಪಡಿಸಿದ ವೈದ್ಯರ ವಿಳಾಸವನ್ನು ಗೋಡೆಗೆ ಅಂಟಿಸಿದ. ದಾನಿಗೆ ಸುದ್ದಿ ಮುಟ್ಟಿಸುವ ಹೊಣೆ ಲೇಬಲ್ಲಿನ ಹೆಗಲಿಗೇ ಬಿತ್ತು.

“ಮೆತ್ತಗೆ ಹೇಳಯ್ಯ. ಅವನನ್ನ ಸ್ವಂತ ಅಣ್ಣ ಅಂದ್ಕೊ,” ಎಂದರು ಮೇಷ್ಟ್ರು.

ಲೇಬಲ್ಲಿನ ಮುಖ ತೊಳೆದಿಟ್ಟ ಗಾಜಿನಂತೆ ಬಿಳಿಚಿತು. ಹೆಂಡತಿಗೆ ಏನೆಂದು ಹೇಳುವುದು? ಯಾರೂ ನೋಡದಾಗ ವೈದ್ಯರ ವಿಳಾಸವನ್ನು ಅಂಗೈ ಮೇಲೆ ಬರೆದುಕೊಂಡ.

ಸಂಜೆ, ಗಾಜಿನ ಸಾಮಾನು ತೊಳೆಯುವ ಅಕ್ಕ ಗೊಣಗುತ್ತ ಬಂದರು. “ಉಪ್ಪುನೀರಿನ ನಳಿಕೆಗೆ ಅದೇನು ಹಾಕಿದ್ರಪ್ಪ? ತಳದಲ್ಲಿ ಅಂಟ್ಕೊಂಡಿತ್ತು. ತಿಕ್ಕಿ ತಿಕ್ಕಿ ಕೈ ಸೋತೋಯ್ತು.”

ಲೇಬಲ್ಲು ಸ್ಟೂಲಿನಿಂದ ನೆಗೆದ. “ಹಂಗಾದ್ರೆ ಮೇಷ್ಟ್ರೇ, ನೀವು ಎಣಿಸಿದ್ದು ಉಪ್ಪುನೀರು. ಅಕ್ಕ ತಿಕ್ಕಿ ತೊಳೆದಿದ್ದು ನಂದು.”

ಮೇಷ್ಟ್ರು ಕನ್ನಡಕ ತೆಗೆದರು. “ನಿಂದಾ?”

ಗುಟ್ಟು ರಟ್ಟಾಗಿತ್ತು, ಚೀಲಗಳು ಮೋರಿ ಸೇರಿದ್ದವು. ಎಷ್ಟಿದ್ದವೆಂದು ತಿಳಿಯಬೇಕಾದರೆ ಮಾದರಿಯನ್ನು ಮತ್ತೆ ಕೊಡಬೇಕು.

ಅಕ್ಕ ಖಾಲಿ ಡಬ್ಬಿಯೊಂದನ್ನು ಅವನ ಕೈಗಿತ್ತರು. “ತಗೋ ತಮ್ಮಾ. ಚೀಟಿಯ ಯೋಚನೆ ನಿನಗೆ ಬೇಡ.”

ಡಬ್ಬಿಯ ಮೇಲೆ ಗುಮಾಸ್ತನ ದುಂಡು ಅಕ್ಷರಗಳಲ್ಲಿ ಅವನ ಹೆಸರು, ತಂದೆಯ ಹೆಸರು, ಮನೆಯ ವಿಳಾಸ ಎಲ್ಲವೂ ಇದ್ದವು.