ಹುಳಿಗೆ ಹತ್ತರಲ್ಲಿ ಎಷ್ಟು?

ಅಂಕಿಯಿಲ್ಲದೆ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ‘ಸ್ವಲ್ಪ ಬಿಸಿ’, ‘ಒಂಥರಾ ಖಾರ’ ಎನ್ನುವುದೂ ಒಂದು ಮಾತೇ? ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ನಮ್ಮೂರು ಪರಿಗಿಯಿಂದ ದಿನಾ ಬಸ್ಸಿನ ಬಾಗಿಲಲ್ಲಿ ನೇತಾಡಿ ಸಂಪಾದಿಸಿದ ಬಿಎಸ್ಸಿ ನನ್ನದು. ಹಿಂದೂಪುರದ ಹುಣಸೆ ಮಂಡಿಯೊಂದರಲ್ಲಿ ಯಜಮಾನರು ನನ್ನನ್ನು ‘ಕ್ವಾಲಿಟಿ’ ನೋಡಿಕೊಳ್ಳಲು ಇಟ್ಟುಕೊಂಡಾಗ ನಾನು ಮೊದಲು ಮಾಡಿದ್ದೇ ಒಂದು ಫಾರಂ ಅಚ್ಚು ಹಾಕಿಸಿದ್ದು. ಹುಳಿ ಎಷ್ಟು? ಸೊನ್ನೆಯಿಂದ ಹತ್ತರೊಳಗೆ ಬರೆಯಿರಿ.

ಅಲ್ಲಿಯವರೆಗೆ ಆ ಕೆಲಸ ಗಂಗಮ್ಮನದು. ವರ್ಷಗಟ್ಟಲೆ ಬೀಜ ಬಿಡಿಸಿದಾಕೆ. ಒಂದು ತೊಳೆ ಬಾಯಿಗೆ ಹಾಕಿಕೊಂಡು, ಮಾತಿಲ್ಲದೆ ಈ ರಾಶಿ, ಆ ರಾಶಿ ಎಂದು ಕೈ ತೋರಿಸುತ್ತಿದ್ದಳು. ಇದೂ ಒಂದು ವಿಜ್ಞಾನವೇ? ಆಕೆಯನ್ನೂ ಇನ್ನೈದು ಹೆಂಗಸರನ್ನೂ ಸಾಲಾಗಿ ಕೂರಿಸಿ ಅಂಕಿ ಕೇಳಿದೆ. ಸರಾಸರಿ ತೆಗೆದು, ೭.೮೩ ಬಂದ ಮೂಟೆಗಳಿಗೆ ‘ಹೆಚ್ಚು ಹುಳಿ’, ೪.೧೭ ಬಂದವಕ್ಕೆ ‘ಕಡಿಮೆ ಹುಳಿ’ ಎಂದು ಚೀಟಿ ಅಂಟಿಸಿ ಕಲ್ಯಾಣದುರ್ಗಕ್ಕೆ ಕಳಿಸಿದೆ.

ಮೂರನೇ ದಿನ ಅಲ್ಲಿನ ವ್ಯಾಪಾರಿ ಯಜಮಾನರಿಗೆ ಫೋನು ಮಾಡಿದರು. ಎಲ್ಲ ತಿರುವುಮುರುವು. ಉಪ್ಪಿನಕಾಯಿಯವರಿಗೆ ಸಿಹಿ ಹಣ್ಣು, ಹೋಟೆಲಿನವರಿಗೆ ಹಲ್ಲು ಜುಮ್ಮೆನ್ನುವ ಹಣ್ಣು ಹೋಗಿತ್ತು. ನಾನೇ ಬಂದು ನೋಡುತ್ತೇನೆ, ಮತ್ತೆ ಹೀಗಾದರೆ ಬೇರೆ ಮಂಡಿ ಹಿಡಿಯುತ್ತೇನೆ ಎಂದರಂತೆ. ಅವರು ಹೋದರೆ ಅವರ ಹಿಂದೆಯೇ ನೀನೂ ಹೊರಡು ಎಂದರು ಯಜಮಾನರು.

ಫಾರಂ ಹಿಡಿದು ಗಂಗಮ್ಮನ ಮುಂದೆ ಕೂತೆ. ಆಕೆ ಸಮಾಧಾನವಾಗಿ ಹೇಳಿದಳು: “ಒಳ್ಳೆ ಹಣ್ಣಿಗೆ ಎಂಟು ಕೊಟ್ಟೆ ಕಣಪ್ಪ. ಹಲ್ಲು ಜುಮ್ಮನ್ನೋದಕ್ಕೆ ನಾಕು. ಅದಕ್ಕಿಂತ ಕಮ್ಮಿ ಕೊಟ್ರೆ ಫೇಲಾಗ್ಬುಡ್ತೈತಲ್ಲ, ಪಾಪ.”

ಆರೂ ಜನ ಮೇಷ್ಟರಂತೆ ಹಣ್ಣಿಗೆ ಮಾರ್ಕು ಹಾಕಿದ್ದರು. ಈ ಜನಕ್ಕೆ ಹೇಗೆ ಹೇಳುವುದು? ಒಳ್ಳೆಯದೋ ಕೆಟ್ಟದ್ದೋ ಬೇಡಮ್ಮ, ಹುಳಿ ಎಷ್ಟು ಅಂತ ಹೇಳು, ಇದಕ್ಕೆ ನಾಲ್ಕಾದರೆ ಇದರ ಎರಡರಷ್ಟು ಹುಳಿ ಇರುವುದಕ್ಕೆ ಎಂಟು ಎಂದು ಬಿಡಿಸಿ ಹೇಳಿದೆ.

“ಎರಡರಷ್ಟು ಹುಳಿ ಅಂದ್ರೆ ಏನಪ್ಪ? ಎರಡು ತೊಳೆ ತಿನ್ಬೇಕಾ?”

ನಾನು ಫಾರಂ ಮಗುಚಿ ಹಿಂಬದಿಯಲ್ಲಿ ಲೆಕ್ಕ ಬಿಡಿಸತೊಡಗಿದೆ. ಅಷ್ಟರಲ್ಲಿ ಕಲ್ಯಾಣದುರ್ಗದವರು ಬಂದೇಬಿಟ್ಟರು. “ಏಮಯ್ಯಾ ಡಿಗ್ರಿ, ನೀನು ತಿಂದ್ ನೋಡಿದ್ಯಾ?” ಎಂದರು. ತಿಂದಿರಲಿಲ್ಲ. ಅಳೆಯುವವನು ದೂರ ನಿಲ್ಲಬೇಕು ಎಂಬುದು ನನ್ನ ಸಿದ್ಧಾಂತ. ಅವರು ಒಂದು ತೊಳೆ ನನ್ನ ಬಾಯಿಗೇ ಇಟ್ಟರು. ನಾನು ಆರೋ ಏಳೋ ಎಂದು ಹುಡುಕುತ್ತಿದ್ದೆ. ಮುಖ ನನ್ನನ್ನು ಕೇಳದೆ ಮುದುಡಿ, ಕಿವಿ ಹಿಂದಕ್ಕೆ ಸರಿಯಿತು. ಗಂಗಮ್ಮ ಹಣ್ಣಿನ ಕಡೆ ತಿರುಗಿಯೂ ನೋಡದೆ, ನನ್ನ ಮುಖ ನೋಡಿ, “ಇದು ಉಪ್ಪಿನಕಾಯಿಗೆ ಕಣಣ್ಣ” ಎಂದಳು. ಇನ್ನೊಂದು ತೊಳೆ ಬಾಯಿಗೆ ಬಿತ್ತು, ಹುಬ್ಬಷ್ಟೇ ಅಲುಗಿತು. “ಇದು ಹೋಟೆಲಿಗೆ.” ವ್ಯಾಪಾರಿ ತಾವೂ ತಿಂದು ನೋಡಿ, ಅಲ್ಲೇ ಇಪ್ಪತ್ತು ಮೂಟೆ ಹೇಳಿಹೋದರು.

ನನ್ನ ಕೆಲಸ ಉಳಿಯಿತು. ಈಗ ಬೆಳಿಗ್ಗೆ ಬಂದ ಕೂಡಲೇ ಸ್ಟೂಲಿನ ಮೇಲೆ ಕೂತು ಬಾಯಿ ತೆರೆಯುತ್ತೇನೆ. ಗಂಗಮ್ಮ ತಿನ್ನುವುದನ್ನೇ ಬಿಟ್ಟಿದ್ದಾಳೆ. ಆಕೆಯ ಹಲ್ಲು ಈಗ ಆರಾಮಾಗಿವೆಯಂತೆ. ಕಲ್ಯಾಣದುರ್ಗದಿಂದ ಫೋನು ಬಂದರೆ ನೇರ ಆಕೆಗೇ. ಅವರು ದಿನಾ ಕೇಳುವುದೂ ಒಂದೇ ಮಾತು: “ಈರೋಜು ಆ ಡಿಗ್ರಿಯವನ ಮುಖ ಹೆಂಗೈತಮ್ಮಾ?”