ನಾನು ಸಾಹಿತಿಗಳ ಬಾಯಿ ಬಿಡಿಸಿದ್ದು

ಪ್ರಶ್ನೆ ಕೇಳುವುದರಲ್ಲಿ ನನ್ನನ್ನು ಮೀರಿಸುವವರು ಸೊಲ್ಲಾಪುರದಲ್ಲಿಯೇ ಇಲ್ಲ ಎಂದು ನಾನು ನಂಬಿದ್ದ ಕಾಲವದು. ಕನ್ನಡ ವಾರಪತ್ರಿಕೆಯೊಂದರಲ್ಲಿ ಬಾತ್ಮೀದಾರನಾಗಿ ಸೇರಿ ಕೆಲವೇ ತಿಂಗಳಾಗಿತ್ತು. ಅಕ್ಕಲಕೋಟೆ ಸಂಸ್ಥಾನದಲ್ಲಿ ಒಬ್ಬ ಹೆಸರಾಂತ ಸಾಹಿತಿಗಳಿದ್ದರು. ಯಾವ ಪತ್ರಿಕೆಯವರ ಮುಂದೆಯೂ ಅವರು ಬಾಯಿ ಬಿಟ್ಟಿರಲಿಲ್ಲ.

“ನಾ ಬಿಡಸ್ತೀನ್ರಿ!” ಎಂದೆ ಸಂಪಾದಕರ ಮುಂದೆ ಎದೆ ಸೆಟೆಸಿ.

“ಬಿಡಿಸಿಕೊಂಡ ಬಂದ್ರ ನೌಕರಿ ಖಾಯಂ. ಬರಿಗೈಲೆ ಬಂದ್ರ ನಿಮ್ಮ ಹನ್ನೂರ ದಾರಿ ಹಿಡೀರಿ,” ಎಂದರು ಸಂಪಾದಕರು.

ಹನ್ನೂರಿನಲ್ಲಿ ನನಗೆ ಯಾರೂ ಉಳಿದಿರಲಿಲ್ಲ. ಅವ್ವ ತೀರಿಕೊಂಡ ಮೇಲೆಯೇ ನಾನು ಶಹರ ಸೇರಿದ್ದು. ಶಹರದಲ್ಲಿಯಾದರೂ ಯಾರಿದ್ದರು? ಸಂಪಾದಕರು ಬೈಯುವುದಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದರು. ಖಾನಾವಳಿಯ ಮಾಲಕ “ಭಾಕರೀ ವಾಢೂ ಕಾ?” ಎಂದು ಮರಾಠಿಯಲ್ಲಿ ರೊಟ್ಟಿ ಬಡಿಸಲೇ ಎಂದು ಕೇಳುತ್ತಿದ್ದ. ಇಡೀ ದಿನದಲ್ಲಿ ಯಾರಾದರೂ ನನ್ನನ್ನು ಏನಾದರೂ ಕೇಳಿದ್ದೆಂದರೆ ಅದೊಂದೇ.

ನಾನು ಅಕ್ಕಲಕೋಟೆ ಮುಟ್ಟಿದಾಗ ಸಾಹಿತಿಗಳು ತಮ್ಮ ಮನೆಯ ಪಡಸಾಲೆಯ ತೂಗುಮಂಚದ ಮೇಲೆ ಕೂತಿದ್ದರು. ನಮಸ್ಕರಿಸಿ, ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಮೊದಲ ಪ್ರಶ್ನೆಗಾಗಿ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವರೇ, “ಬರ್ರಿ, ಕುಂದರ್ರಿ. ಯಾವೂರ್ರಿ ನಿಮ್ಮದು?” ಎಂದರು.

ನಮ್ಮ ಕಡೆ ಹಿರಿಯರು ಊರು ಕೇಳಿದ ಮೇಲೆ, ಅದನ್ನು ಹೇಳದೆ ಬೇರೆ ಮಾತು ತೆಗೆಯುವುದುಂಟೇ?

“ಹನ್ನೂರ್ರಿ.”

“ಹೌದೇನ್ರಿ? ಮುಂದ?”

ಆ ‘ಮುಂದ’ವೇ ನನ್ನ ಸರ್ವನಾಶಕ್ಕೆ ಕಾರಣವಾಯಿತು! ನಮ್ಮ ಹೊಲದ ವಿಷಯ ಹೇಳಿದೆ. ನಮ್ಮ ಎಮ್ಮೆಯ ಸ್ವಭಾವ ಹೇಳಿದೆ. ಖಾನಾವಳಿಯ ಸಾರಿನ ಬಗ್ಗೆ ಸವಿಸ್ತಾರವಾಗಿ ನಿವೇದಿಸಿದೆ. ಅವ್ವನ ಕಡೆಯ ದಿನಗಳನ್ನು ಹೇಳುವಾಗ ಮೂಗು ಒರೆಸಿಕೊಂಡೆ. ಅವರು ನನ್ನ ಮುಖವನ್ನೇ ನೋಡುತ್ತ, ತಲೆಯಾಡಿಸುತ್ತ, “ಮುಂದ?” ಎನ್ನುತ್ತಿದ್ದರು. ಎಷ್ಟೋ ತಿಂಗಳಿಂದ ನನ್ನ ಮುಖವನ್ನು ಯಾರೂ ಹಾಗೆ ನೋಡಿರಲಿಲ್ಲ. ರೈಲಿಗೆ ಹೊತ್ತಾಯಿತೆಂದು ಟಾಂಗಾದವನು ಹೊರಗಿನಿಂದ ಕೂಗಿದಾಗಲೇ ನೆನಪಾದದ್ದು, ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ!

“ಏನಂದ್ರು?” ಎಂದರು ಸಂಪಾದಕರು.

“‘ಮುಂದ?’ ಅಂದ್ರು.”

“ಮತ್ತ?”

“ಅಷ್ಟೇರಿ.”

ನೌಕರಿ ಹೋಯಿತು.

ಆದರೂ ನನಗೆ ಒಳಗೊಳಗೇ ಹೆಮ್ಮೆ. ಅಂಥ ದೊಡ್ಡ ಮನುಷ್ಯರು ಒಂದಿಡೀ ಮಧ್ಯಾಹ್ನ ನನ್ನ ಮಾತು ಕೇಳಿದ್ದರಲ್ಲ! ಉಪಕಾರ ಹೇಳಿ ಬರೋಣವೆಂದು ಮರುವಾರ ಮತ್ತೆ ಹೋದೆ. ಅವರ ಹೆಂಡತಿ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು.

“ಅವ್ವಾರ, ಹ್ವಾದ ವಾರ ಸಾಹೇಬ್ರು ನನ್ನ ಮಾತೆಲ್ಲಾ ಕೇಳಿದ್ರು. ಭಾಳ ಉಪಕಾರ ಆತ್ರಿ.”

“ಅಯ್ಯ ತಮ್ಮಾ, ಅವರಿಗೆ ಎಲ್ಲೀದು ಕೇಳಬೇಕಪಾ? ಕಿವಿ ಹೋಗಿ ಭಾಳ ವರ್ಷಾದವು. ಎದುರಿಗಿದ್ದವರ ತುಟಿ ನಿಂತ ಕೂಡ್ಲೆ ‘ಮುಂದ’ ಅಂತಾರ. ಬಂದವರು ಲಗೂನ ಎದ್ದ ಹೋಗಬಾರದು ಅಂತ.”

ನಾಚಿಕೆಯೂ ಆಯಿತು, ಅಳುವೂ ಬಂತು. ಹೊರಳಿ ಹೋಗೋಣವೆಂದರೆ ಹೋಗುವುದಾದರೂ ಎಲ್ಲಿಗೆ?

“ಒಬ್ಬರೇ ಕುಂತಾರ ನೋಡು ಒಳಗ,” ಎಂದರು ಅವರು ಜೋಳದಿಂದ ಕಣ್ಣೆತ್ತದೆ.

ಚಪ್ಪಲಿ ಬಿಟ್ಟು ಒಳಗೆ ಹೋದೆ. ಸಾಹಿತಿಗಳ ಎದುರಿಗೆ ಕೂತು, ನನ್ನ ನೌಕರಿ ಹೇಗೆ ಹೋಯಿತೆಂಬುದನ್ನು ಅವರಿಗೆ ಮೊದಲಿನಿಂದ ಹೇಳತೊಡಗಿದೆ.